ಡಬ್ಬಿ ಮೇಲೆ ಯಾರ ಹೆಸರು?

2025ರ ಜೂನ್ ಕೊನೆಯ ವಾರ ನೆನಪಿದೆಯಾ? ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋನಲ್ಲಿ ಮಾಡೆಲ್‌ಗಳ ಕಾಲಿಗೆ ಥೇಟ್ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಹಾಕಿಸಿ ನಡೆಸಿತು. ಕೊಲ್ಹಾಪುರದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ, ಬರೀ ಲೆದರ್ ಸ್ಯಾಂಡಲ್ ಅಂತ ಹೇಳಿ ಮುಗಿಸಿದರು. ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಮಾರನೇ ದಿನ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ಹದಿನೈದು ನಿಮಿಷ ನಿಂತೇ ಎಲ್ಲರೂ ಪ್ರಾಡಾವನ್ನು ಬೈದೆವು. ಕಳ್ಳತನ, ವಸಾಹತುಶಾಹಿ, ಬಿಳಿಯರ ದುರಹಂಕಾರ. ನಾನೂ ಬೈದೆ. ಎಲ್ಲರಿಗಿಂತ ಜೋರಾಗಿ ಬೈದೆ, ಯಾಕಂದ್ರೆ ನಾನು ಅದೇ ಕಡೆಯವನು. ಅಥಣಿ ತಾಲ್ಲೂಕಿನವನು.

ಅದೇ ಸಂಜೆ ಊರಿಂದ ಗೆಳೆಯನ ಫೋನ್ ಬಂತು. ನಾನು ಅವನು ಏಳನೇ ಇಯತ್ತೆವರೆಗೆ ಒಂದೇ ಸಾಲಿಯಲ್ಲಿ ಕಲಿತವರು. ಆಮೇಲೆ ನಾನು ಹೈಸ್ಕೂಲು, ಪಿಯುಸಿ, ಬಿಇ ಅಂತ ದಾಟುತ್ತಾ ಬೆಂಗಳೂರು ಸೇರಿದೆ. ಅವನು ಮನೆತನದ ಕೆಲಸಕ್ಕೆ ಕೂತ. ಅವರದು ಚಪ್ಪಲಿ ಮಾಡುವ ಮನೆತನ.

"ನಿಮ್ಮ ಬೆಂಗಳೂರಾಗ ಮಂದಿ ಭಾಳ ಸಿಟ್ಟಿಗೆದ್ದಾರಂತಲ್ಲೋ?" ಅಂದ.

ಹೌದಪ್ಪಾ, ಹೆಸರೇ ಹಾಕಿಲ್ಲವಲ್ಲ ಅವರು, ಅಂದೆ.

ಅವನು ನಕ್ಕ. "ನಮ್ಮ ಹೆಸರು ಇಲ್ಲೀತನಕ ಯಾರು ಹಾಕ್ಯಾರೋ ಮಾರಾಯಾ? ಹ್ವಾದ ವರ್ಷ ನೀ ಕೊಲ್ಹಾಪುರದಾಗ ಒಂದ್ ಜೋಡು ತಗೊಂಡಿದ್ದಿ. ಜಾತ್ರ್ಯಾಗ ಹಾಕ್ಕೊಂಡ್ ಬಂದಾಗ ವೇಣಿ ನೋಡಿದ ಕೂಡಲೆ ನನಗ ಗೊತ್ತಾತು, ಅದು ನಮ್ಮ ಓಣಿ ಮಾಲು. ಅದರ ಡಬ್ಬಿ ಐತೇನು? ಅದರ ಮ್ಯಾಲ ಏನ್ ಬರದಾರ ಓದು."

ಡಬ್ಬಿ ಇತ್ತು. ಹಳೇ ಚಾರ್ಜರು, ಕೇಬಲ್ಲು ತುಂಬಿಟ್ಟಿದ್ದೆ. ತೆಗೆದು ಓದಿದೆ. ಅಂಗಡಿಯ ಹೆಸರು, ಎರಡು ಫೋನ್ ನಂಬರು, ಮರಾಠಿಯಲ್ಲಿ ಒಂದು ಘೋಷವಾಕ್ಯ, ಒಂದು ಕುದುರೆ ಚಿತ್ರ. ಮಾಡಿದವನ ಹೆಸರು ಇಲ್ಲ. ಊರಿನ ಹೆಸರೂ ಇಲ್ಲ. ಪ್ರಾಡಾ ಮೇಲೆ ನಾನು ಹೊರಿಸಿದ ಆರೋಪ ಆ ಡಬ್ಬಿ ಮೇಲೂ ಹಾಗೇ ಕೂರುತ್ತಿತ್ತು. ಆ ಡಬ್ಬಿ ಒಂದು ವರ್ಷದಿಂದ ನನ್ನ ಮನೆಯಲ್ಲೇ ಇತ್ತು, ನನಗೆ ಯಾವ ಸಿಟ್ಟೂ ಬಂದಿರಲಿಲ್ಲ.

ಆದ್ದರಿಂದ ಈ ಬರಹದಲ್ಲಿ ಪ್ರಾಡಾ ಬಗ್ಗೆ ಕಮ್ಮಿ, ಡಬ್ಬಿ ಬಗ್ಗೆ ಜಾಸ್ತಿ. ರಟ್ಟಿನ ಡಬ್ಬಿ. ಅಂಗಡಿಯ ಶೆಲ್ಫಿನಲ್ಲಿ ಮಾಲು ತೋರಿಸಿಕೊಂಡು ಕೂರುವ, ಬೇಡವಾದಾಗ ಮಡಚಿ ಹಾಳೆಯಂತೆ ಒಂದರ ಮೇಲೊಂದು ಪೇರಿಸಿಡಬಹುದಾದ ಡಬ್ಬಿ. ಇದೇನು ಮಹಾ ವಿಷಯ ಅನ್ನಬೇಡಿ. ಯಾರು ದುಡ್ಡು ಮಾಡುತ್ತಾರೆ, ಯಾರು ಹೆಸರಿಲ್ಲದೆ ಸಾಯುತ್ತಾರೆ ಅನ್ನೋದು ಬಹಳ ಸಲ ಈ ರಟ್ಟಿನ ಮೇಲೇ ತೀರ್ಮಾನ ಆಗುತ್ತೆ.

ಮೊದಲು ಮಾಲಿನ ಕತೆ. ಕೊಲ್ಹಾಪುರಿ ಚಪ್ಪಲಿ ಕೊಲ್ಹಾಪುರದಲ್ಲಷ್ಟೇ ಆಗುತ್ತದೆ ಅಂತ ನೀವು ತಿಳಿದಿದ್ದರೆ ತಪ್ಪು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಈಚೆಗೆ ತಾಲ್ಲೂಕಾದ ಕಾಗವಾಡ, ಈ ಪಟ್ಟಿಯುದ್ದಕ್ಕೂ ತಲೆಮಾರುಗಳಿಂದ ಈ ಕೆಲಸ ನಡೆದಿದೆ. 2019ರಲ್ಲಿ ಸುದ್ದಿಯಾದ ಜಿಐ ಟ್ಯಾಗ್ ಕೂಡ ಎಂಟು ಜಿಲ್ಲೆಗಳಿಗೆ ಸೇರಿದ್ದು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್, ಎರಡೂ ಚರ್ಮೋದ್ಯಮ ನಿಗಮಗಳು ಜಂಟಿಯಾಗಿ ಪಡೆದದ್ದು. ಕಾಗದದ ಮೇಲೆ ನಾವು ಅರ್ಧ ಪಾಲುದಾರರು.

ಕೆಲಸ ಹೇಗಿರುತ್ತೆ ಅಂದ್ರೆ: ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಅಟ್ಟೆಗೆ ಎಮ್ಮೆಯದು, ಮೇಲಿನ ಹೆಣಿಗೆಗೆ ತೆಳುವಾದದ್ದು. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಗಂಡಸರು ಅಟ್ಟೆ ಕತ್ತರಿಸಿ, ಬಡಿದು, ಹೊಲಿಯುತ್ತಾರೆ. ವೇಣಿ ಹೆಣೆಯುವುದು ಹೆಚ್ಚಾಗಿ ಹೆಂಗಸರು. ಅಂಗಡಿಯಲ್ಲಿ ನೀವು ನೋಡಿ ವಾವ್ ಅನ್ನೋದು ಆ ವೇಣಿಯನ್ನೇ.

ತಯಾರಾದ ಜೋಡುಗಳು ಊರು ಬಿಡುವ ರೀತಿ ನೋಡಬೇಕು. ಎಡಗಾಲು ಬಲಗಾಲು ಸೇರಿಸಿ ಹುರಿಯಲ್ಲಿ ಕಟ್ಟಿ, ಗೋಣಿಚೀಲಕ್ಕೆ ತುಂಬಿ, ಬಸ್ಸಿಗೋ ಟೆಂಪೋಕ್ಕೋ ಹಾಕುತ್ತಾರೆ. ನಿಪ್ಪಾಣಿಯಿಂದ ಕೊಲ್ಹಾಪುರ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಅಥಣಿಯಿಂದಾದರೆ ಮೀರಜ ದಾಟಿ ಹೋಗಬೇಕು. ಅಲ್ಲಿ ಚೀಲ ಬಿಚ್ಚಿ, ಜೋಡು ಆರಿಸಿ, ಒರೆಸಿ, ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿಗೆ ಬಿದ್ದ ಕ್ಷಣ ಅದು ಯಾರದೋ ಆಗಿಬಿಡುತ್ತದೆ. ಗೋಣಿಚೀಲದಲ್ಲಿ ಹೋದ ನಮ್ಮ ಅರಿಷಿಣ ಸಾಂಗ್ಲಿಯದಾದಂತೆ, ನಮ್ಮ ಒಣದ್ರಾಕ್ಷಿ ತಾಸಗಾಂವದ್ದಾದಂತೆ.

ಇಲ್ಲಿಗೆ ಬಂದ ಕೂಡಲೇ ನಮ್ಮಲ್ಲಿ ಕೆಲವರು ಮರಾಠಿಗರ ಮೇಲೆ ಕತ್ತಿ ಮಸೆಯಲು ಶುರುಮಾಡುತ್ತಾರೆ. ದಯವಿಟ್ಟು ಬೇಡ. ಕೊಲ್ಹಾಪುರದ ಶಾಹು ಮಹಾರಾಜರು ಈ ಕಸುಬಿಗೆ ಬೆಂಬಲ ಕೊಟ್ಟವರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಾತಿ ಕೊಟ್ಟವರು, ಅಸ್ಪೃಶ್ಯನೆನಿಸಿಕೊಂಡವನ ಅಂಗಡಿಯಲ್ಲಿ ಎಲ್ಲರೆದುರು ಕೂತು ಚಹಾ ಕುಡಿದವರು. ಅಂಥದ್ದನ್ನು ನಮ್ಮ ಕಡೆಯ ಎಷ್ಟು ದೊಡ್ಡವರು ಮಾಡಿದರು? ಕೊಲ್ಹಾಪುರದ ವ್ಯಾಪಾರಿ ಮುಂಗಡ ದುಡ್ಡು ಕೊಡುತ್ತಾನೆ, ಮಳೆಗಾಲದಲ್ಲಿ ಮಾರದ ಮಾಲನ್ನು ತನ್ನ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತಾನೆ, ಶೋರೂಮಿನ ಬಾಡಿಗೆ ಕಟ್ಟುತ್ತಾನೆ. ಅವನು ಮಾಡುವ ಕೆಲಸ ಸುಳ್ಳಲ್ಲ. ನನ್ನ ತಕರಾರು ಒಂದೇ: ಅವನು ಮಾಡಿದ ಕೆಲಸಕ್ಕೆ ಅವನ ಹೆಸರಿದೆ, ಇವನು ಮಾಡಿದ ಕೆಲಸಕ್ಕೆ ಇವನ ಹೆಸರಿಲ್ಲ. ಮತ್ತು ಅದನ್ನು ಸರಿಪಡಿಸುವ ಜಾಗ ಗಡಿ ಕಲ್ಲಿನ ಹತ್ತಿರ ಇಲ್ಲ, ಡಬ್ಬಿಯ ಮುಚ್ಚಳದ ಮೇಲಿದೆ.

ಡಬ್ಬಿಗೆ ಇಷ್ಟು ಶಕ್ತಿ ಇದೆಯಾ ಅಂತ ಕೇಳುವವರಿಗೆ ಒಂದು ಹಳೇ ಕತೆ. 1879ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಅನ್ನುವ ಮುದ್ರಕನಿದ್ದ. ಬೀಜದ ಕಾಗದದ ಚೀಲ ಅಚ್ಚು ಹಾಕುತ್ತಿದ್ದಾಗ, ಮಡಿಕೆ ಗುರುತು ಹಾಕಬೇಕಿದ್ದ ಲೋಹದ ಪಟ್ಟಿ ಜಾಗ ತಪ್ಪಿ ಕಾಗದವನ್ನು ಕತ್ತರಿಸಿಬಿಟ್ಟಿತು. ನಾವಾಗಿದ್ದರೆ ಬಗ್ ಅಂತ ಟಿಕೆಟ್ ಹಾಕಿ ಮುಚ್ಚುತ್ತಿದ್ದೆವು. ಅವನು ಯೋಚನೆ ಮಾಡಿದ: ಒಂದೇ ಒತ್ತಿಗೆ ಕತ್ತರಿಸುವುದೂ ಮಡಿಕೆ ಹಾಕುವುದೂ ಆಗುವುದಾದರೆ, ರಟ್ಟನ್ನು ಹಾಳೆಯಾಗಿಯೇ ಕಳಿಸಿ, ಬೇಕಾದಲ್ಲಿ ಡಬ್ಬಿ ಮಾಡಿಕೊಳ್ಳಬಹುದಲ್ಲ? ಮಡಚುವ ರಟ್ಟಿನ ಡಬ್ಬಿ ಕಾರ್ಖಾನೆಯ ಮಾಲಾದದ್ದು ಹಾಗೆ.

ಅದಾಗಿ ಇಪ್ಪತ್ತು ವರ್ಷದೊಳಗೆ ಅಮೆರಿಕದ ನ್ಯಾಷನಲ್ ಬಿಸ್ಕಿಟ್ ಕಂಪನಿ ತನ್ನ ಬಿಸ್ಕಿಟ್ಟನ್ನು ಇಂಥ ಡಬ್ಬಿಯಲ್ಲಿ ಹಾಕಿ, ಮೇಲೆ 'ಯುನೀಡಾ' ಅಂತ ಹೆಸರು ಅಚ್ಚು ಹಾಕಿ ಮಾರಿತು. ಅಲ್ಲಿಯವರೆಗೆ ಬಿಸ್ಕಿಟ್ಟು ಕಿರಾಣಿ ಅಂಗಡಿಯ ಪೀಪಾಯಿಯಲ್ಲಿ ಬಿಡಿಯಾಗಿ ಬಿದ್ದಿರುತ್ತಿತ್ತು. ಅಂಗಡಿಯವ ತೂಗಿ ಕೊಟ್ಟದ್ದೇ ಬಿಸ್ಕಿಟ್ಟು, ಅವನ ಮಾತೇ ಮಾತು. ಡಬ್ಬಿ ಬಂದ ಮೇಲೆ ಗಿರಾಕಿ ಹೆಸರು ಹಿಡಿದು ಕೇಳಲು ಶುರುಮಾಡಿದ. ಹೆಸರಿಡುವ ಅಧಿಕಾರ ಮಾರುವವನ ಕೈಯಿಂದ ಮಾಡುವವನ ಕೈಗೆ ಹೋಯಿತು. ಚಪ್ಪಲಿ ವಿಷಯದಲ್ಲಿ ನಮ್ಮ ಅಥಣಿ, ರಾಯಬಾಗ ಇನ್ನೂ ಪೀಪಾಯಿಯ ಕಾಲದಲ್ಲೇ ಇವೆ.

ಅಷ್ಟು ದೂರ ಯಾಕೆ, ಪಕ್ಕದ ಗೋಕಾಕ ನೋಡಿ. ಕರದಂಟು ಊರು ಬಿಡುವುದೇ ಡಬ್ಬಿಯಲ್ಲಿ, ಮೇಲೆ ಅಂಗಡಿಯ ಹೆಸರು, ಗೋಕಾಕದ ಹೆಸರು. ಬೆಳಗಾವಿಯ ಕುಂದಾ ಕೂಡ ಹಾಗೇ. ಒಂದೇ ಜಿಲ್ಲೆ, ಅದೇ ರಸ್ತೆ, ಅದೇ ಬಸ್ಸು. ಬಾಯಿಗೆ ಹೋಗುವ ಮಾಲಿಗೆ ಹೆಸರಿದೆ, ಕಾಲಿಗೆ ಹೋಗುವ ಮಾಲಿಗೆ ಇಲ್ಲ. ಇದು ಬರೀ ಮಾರ್ಕೆಟಿಂಗ್ ಸಮಸ್ಯೆ ಅಂತ ನೀವು ನಂಬುತ್ತೀರಾ? ನಾನು ನಂಬಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಕಾನೂನು. ನಮ್ಮ ದೇಶದಲ್ಲಿ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಿವೆ. ಮೊದಲೇ ಪ್ಯಾಕ್ ಮಾಡಿ ಮಾರುವ ಮಾಲಿನ ಮೇಲೆ ಏನೇನು ಬರೆಯಬೇಕು ಅಂತ ಅದರ 6ನೇ ನಿಯಮ ಹೇಳುತ್ತದೆ. ಮೊದಲನೇ ಸಾಲೇ ತಯಾರಕನ ಹೆಸರು, ವಿಳಾಸ. ತಯಾರಕ ಬೇರೆ, ಪ್ಯಾಕ್ ಮಾಡಿದವ ಬೇರೆ ಆದರೆ ಇಬ್ಬರದೂ ಇರಬೇಕು. ಸಾಫ್ಟ್‌ವೇರಿನವರಿಗೆ ಇದು ತಟ್ಟನೆ ತಿಳಿಯಬೇಕು. ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಆಥರ್ ಬೇರೆ, ಕಮಿಟರ್ ಬೇರೆ ಇರುತ್ತಾರಲ್ಲ? ಕೋಡ್ ಬರೆದವನು ಒಬ್ಬ, ಅದನ್ನು ತಂದು ಸೇರಿಸಿದವನು ಇನ್ನೊಬ್ಬ, ಇಬ್ಬರ ಹೆಸರೂ ದಾಖಲೆಯಲ್ಲಿ ಉಳಿಯುತ್ತೆ. ಅದೇ ಇದು.

ಆದರೆ ಬಿಡಿಯಾಗಿ, ಹುರಿ ಕಟ್ಟಿ, ಗೋಣಿಚೀಲದಲ್ಲಿ ಕಳಿಸಿದ ಚಪ್ಪಲಿ ಪ್ಯಾಕೇಜೇ ಅಲ್ಲ. ಅದರ ಮೇಲೆ ಯಾರ ಹೆಸರೂ ಬೇಕಿಲ್ಲ. ಅಂದರೆ ಹೆಸರಿನ ಹಕ್ಕು ಹುಟ್ಟುವುದೇ ಡಬ್ಬಿಯ ಜೊತೆ. ಡಬ್ಬಿ ಊರಲ್ಲೇ ಹುಟ್ಟಿದರೆ ಹೆಸರು ಊರಲ್ಲೇ ಬೀಳುತ್ತದೆ. ಡಬ್ಬಿ ಊರ ಹೊರಗೆ ಹುಟ್ಟಿದರೆ, ಆ ಹೊರಗಿನವನ ಪ್ರಾಮಾಣಿಕತೆ ನಂಬಿ ಕೂರಬೇಕು.

ಅಪ್ರೈಸಲ್ ಹೊತ್ತಿಗೆ ನಾವು ಹೇಗಾಡ್ತೀವಿ ನೆನಪು ಮಾಡಿಕೊಳ್ಳಿ. ನಾನು ಬರೆದ ಮಾಡ್ಯೂಲನ್ನು ಬೇರೆಯವನು ಡೆಮೊ ಮಾಡಿದ ಅಂತ ಎರಡು ವಾರ ನಿದ್ದೆಗೆಟ್ಟವರು ನಾವು. ನಮ್ಮ ಕೈಲಿರುವ ಐಫೋನಿನ ಬೆನ್ನು ಎಷ್ಟೋ ವರ್ಷ 'ಡಿಸೈನ್ಡ್ ಬೈ ಆಪಲ್ ಇನ್ ಕ್ಯಾಲಿಫೋರ್ನಿಯಾ' ಅಂತ ಹೇಳಿಕೊಂಡಿತು. ಜೋಡಿಸಿದ್ದು ಎಲ್ಲೋ ಇರಲಿ, ತಲೆ ಓಡಿಸಿದ್ದು ಎಲ್ಲಿ ಅಂತ ಆ ಕಂಪನಿ ಮರೆಯದೆ ಹೇಳಿತು. ನಾವು ಆ ಸಾಲನ್ನು ಓದಿ ಬೆರಗಾಗುವವರು. ನಮ್ಮ ಊರಿನ ವೇಣಿ ಹೆಣೆದಾಕೆಯ ಬಗ್ಗೆ ಒಂದು ಸಾಲು ಯಾಕಿಲ್ಲ ಅಂತ ಮಾತ್ರ ಹೊಳೆಯಲ್ಲ.

ಸರಿ, ಮಾತು ಸಾಕು, ನಾನೇ ಒಂದು ಡಬ್ಬಿ ಮಾಡ್ತೀನಿ ಅಂತ ಹೊರಟೆ. ಇಂಜಿನಿಯರ್ ಅನ್ನೋ ಸೊಕ್ಕು ಬೇರೆ. ಅದು ಮೂರು ಸಲ ಇಳಿಯಿತು. ನಿಮಗೂ ಉಪಯೋಗಕ್ಕೆ ಬರಲಿ ಅಂತ ಹೇಳುತ್ತೇನೆ.

ಮೊದಲನೇ ಸಲ ಲ್ಯಾಪ್‌ಟಾಪಿನಲ್ಲೇ ಚಂದ ಡಿಸೈನ್ ಮಾಡಿದೆ. ತೆಳು ರಟ್ಟು, 300 ಜಿಎಸ್‌ಎಂ, ಮೇಲೆ ಹೊಳೆಯುವ ಲ್ಯಾಮಿನೇಶನ್. ಮೊಬೈಲ್ ಕವರಿನ ಡಬ್ಬಿ ಥರ. ಊರಿಗೆ ಒಯ್ದು ಜೋಡು ಇಟ್ಟು ಎತ್ತಿದರೆ ತಳ ಬಿಚ್ಚಿ ಚಪ್ಪಲಿ ಕೆಳಗೆ ಬಿತ್ತು. ಗೆಳೆಯನ ಮಗಳು ಕಿಸಕ್ಕನೆ ನಕ್ಕಳು. ಎಮ್ಮೆ ತೊಗಲಿನ ಅಟ್ಟೆಗೆ ತೂಕ ಇರುತ್ತೆ ಅನ್ನೋದು ಅದನ್ನು ದಿನಾ ಹಾಕಿಕೊಂಡು ಓಡಾಡುವ ನನಗೇ ಹೊಳೆದಿರಲಿಲ್ಲ. ಅಷ್ಟೇ ಅಲ್ಲ, ಮಡಿಕೆಯ ಗೆರೆಯುದ್ದಕ್ಕೂ ರಟ್ಟು ಸೀಳಿತ್ತು. ರಟ್ಟಿಗೆ ನಾರಿನ ದಿಕ್ಕು ಅಂತ ಇರುತ್ತೆ. ಆ ದಿಕ್ಕಿಗೆ ಅಡ್ಡ ಮಡಚಿದರೆ ಒಡೆಯುತ್ತೆ. ಇದನ್ನು ನಾನು ಯೂಟ್ಯೂಬ್ ನೋಡಿ ಕಲಿತು ಬಂದು ಗೆಳೆಯನ ಅಪ್ಪನಿಗೆ ವಿವರಿಸಲು ಹೋದೆ. ಆ ಹಿರಿಯರು, "ತೊಗಲಿಗೂ ಹಂಗ ಐತಿ ತಮ್ಮಾ. ಬೆನ್ನಿಂದು ಬ್ಯಾರೆ ಎಳೀತೈತಿ, ಹೊಟ್ಟೀದು ಬ್ಯಾರೆ ಎಳೀತೈತಿ. ಅದನ್ನ ನೋಡ್ಕೊಂಡ ಕೊಯ್ಯಬೇಕು" ಅಂದರು. ನಾನು ಒಂದು ವಾರ ಕೂತು ಕಲಿತದ್ದು ಅವರ ಬೆರಳಿಗೆ ಐವತ್ತು ವರ್ಷದಿಂದ ಗೊತ್ತಿತ್ತು.

ಎರಡನೇ ಸಲ ದಪ್ಪ ಮಾಡಿದೆ. ಒಳಗೆ ಅಲೆ ಅಲೆಯಾದ ಪದರ ಇರುವ ರಟ್ಟು, ಇ-ಫ್ಲೂಟ್ ಅಂತಾರೆ, ಒಂದೂವರೆ ಮಿಲಿಮೀಟರ್ ಆಸುಪಾಸು ದಪ್ಪ. ತಳ ಬಿಚ್ಚದ ಹಾಗೆ ತಾನೇ ಲಾಕ್ ಆಗುವಂಥದ್ದು. ಹತ್ತು ಡಬ್ಬಿ ಪೇರಿಸಿದರೂ ಕೆಳಗಿನದು ಕುಸಿಯಲಿಲ್ಲ. ಖುಷಿಯಾಯಿತು. ಮಳೆಗಾಲದಲ್ಲಿ ಒಂದು ಅಂಗಡಿಯ ಶೆಲ್ಫಿನಲ್ಲಿ ಮೂರು ವಾರ ಇಟ್ಟು ತೆರೆದರೆ ಜೋಡಿನ ಮೇಲೆಲ್ಲ ಬಿಳೀ ಬೂಷ್ಟು. ತೊಗಟೆಯಲ್ಲಿ ಹದ ಮಾಡಿ ಎಣ್ಣೆ ಉಣಿಸಿದ ತೊಗಲಿಗೆ ಗಾಳಿ ಬೇಕು. ಮುಚ್ಚಿದ ಡಬ್ಬಿಯಲ್ಲಿ ಅದು ಕೆಡುತ್ತೆ. ಗೋಣಿಚೀಲವನ್ನು ನಾನು ಹಿಂದುಳಿದಿರುವಿಕೆ ಅಂತ ಅಣಕಿಸಿದ್ದೆನಲ್ಲ, ಆ ಚೀಲಕ್ಕೆ ಉಸಿರಾಡಲು ಬರುತ್ತಿತ್ತು.

ಮೂರನೇ ಸಲ ಅವರ ಪಡಸಾಲೆಯಲ್ಲೇ ಕೂತು ಮಾಡಿದೆವು. ಅಂಟು ಬೇಡ ಅಂದರು, ಇಲಿ, ಇರುವೆ ಬರುತ್ತವೆ ಅಂತ. ಮಿಠಾಯಿ ಅಂಗಡಿಯ ಹುಡುಗ ಮೂರು ಸೆಕೆಂಡಿನಲ್ಲಿ ಮಡಚಿ ಕೊಡುತ್ತಾನಲ್ಲ, ಆ ಥರ ಮೂಲೆ ಮೂಲೆಗೆ ಸಿಕ್ಕಿಸುವ ಲಾಕ್. ಒಂದೇ ಹಾಳೆ. ಎರಡೂ ಪಕ್ಕಕ್ಕೆ ಗಾಳಿ ಕಿಂಡಿ. ಲ್ಯಾಮಿನೇಶನ್ ಇಲ್ಲ, ಕಂದು ಬಣ್ಣದ ಕ್ರಾಫ್ಟ್ ರಟ್ಟು, ಎಣ್ಣೆ ಕಲೆ ಬಿದ್ದರೂ ಕಾಣಲ್ಲ. ಅಂಗಡಿಯಲ್ಲಿ ಮುಚ್ಚಳ ತೆರೆದು ಹಿಂದಕ್ಕೆ ಮಡಚಿದರೆ ಅದೇ ಬೋರ್ಡಿನಂತೆ ನಿಲ್ಲುತ್ತೆ. ಮುಂದಿನ ಗೋಡೆ ಅರ್ಧ ಎತ್ತರ. ಒಳಗೊಂದು ರಟ್ಟಿನ ನಾಲಗೆ ಎತ್ತಿದರೆ ಒಂದು ಚಪ್ಪಲಿ ಓರೆಯಾಗಿ ನಿಂತು ವೇಣಿ ಗಿರಾಕಿಗೆ ಎದುರಾಗುತ್ತೆ. ಆ ನಾಲಗೆ ಗೆಳೆಯನ ಅವ್ವನ ಐಡಿಯಾ. "ಅಟ್ಟಿ ಯಾಕ ತೋರಸ್ತೀರೋ, ಹೆಣಗಿ ತೋರಸ್ರಿ" ಅಂದಿದ್ದರು.

ಮಾಡೋದು ಹೇಗೆ ಅನ್ನೋ ಪ್ರಶ್ನೆ ಮುಗಿಯಿತು. ಮೇಲೆ ಏನು ಬರೆಯೋದು ಅನ್ನೋದು ಉಳಿಯಿತು. ನಿಜವಾದ ಜಗಳ ಶುರುವಾದದ್ದು ಆಗ.

ಏನು ಬರೆಯೋದು ಅಂತ ಕೇಳುವ ಅಗತ್ಯವೇ ನನಗಿರಲಿಲ್ಲ, ನಿಮ್ಮ ಪೂರ್ತಿ ಹೆಸರು, ಅಡ್ಡಹೆಸರು, ಊರು, ಅಂದೆ. ಗೆಳೆಯ ಹೂಂ ಅಂದ. ಅವನ ಅಪ್ಪ ಬ್ಯಾಡ ಅಂದರು.

"ಊರ ಹೆಸರ ಹಾಕು. ಮನಿ ಹೆಸರ ಬ್ಯಾಡ. ಅಡ್ಡಹೆಸರ ಓದಿದ ಕೂಡಲೆ ಮಂದಿಗೆ ನಾವು ಯಾರಂತ ಗೊತ್ತಾಗತೈತಿ. ಶೋಕೇಸಿನ್ಯಾಗಿಂದ ಕೈಗೆತ್ತಿಕೊಂಡಾವ ವಾಪಸ್ ಇಡತಾನ."

ನಾನು ಸುಮ್ಮನಾದೆ. ಬೆಂಗಳೂರಿನ ಸ್ಟ್ಯಾಂಡಪ್‌ನಲ್ಲಿ ಹೆಸರು ಹೆಸರು ಅಂತ ಕೂಗಿದ್ದ ನನಗೆ, ಹೆಸರು ಹಾಕಿದರೆ ನಷ್ಟ ಆಗುವ ಮನುಷ್ಯರೂ ಇದ್ದಾರೆ ಅನ್ನೋದು ತಲೆಗೇ ಬಂದಿರಲಿಲ್ಲ. ಬಂದಿರಲಿಲ್ಲ ಅನ್ನೋದೂ ಅರ್ಧ ಸುಳ್ಳು. ನಮ್ಮ ಮನೆಗೆ ಈ ಹಿರಿಯರು ಚಪ್ಪಲಿ ತಂದು ಕೊಡುತ್ತಿದ್ದಾಗ ಅಂಗಳದಲ್ಲೇ ನಿಲ್ಲುತ್ತಿದ್ದರು. ಚಹಾದ ಕಪ್ಪು ಬೇರೆ ಇತ್ತು. ನಾವು ಮಕ್ಕಳು ಅವರನ್ನು ಜಾತಿ ಹೆಸರಿಗೆ ಕಾಕಾ ಸೇರಿಸಿ ಕೂಗುತ್ತಿದ್ದೆವು. ಅವರ ಸ್ವಂತ ಹೆಸರು ಏನು ಅಂತ ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಆ ಡಬ್ಬಿಯ ಮೇಲೆ ಬರೆಯಲು ಕೇಳಿದಾಗ.

ಕರದಂಟಿಗೆ ಹೆಸರಿದೆ, ಚಪ್ಪಲಿಗಿಲ್ಲ ಅಂದೆನಲ್ಲ, ಉತ್ತರ ಇಲ್ಲಿದೆ. ಹೆಸರಿಲ್ಲದ ಡಬ್ಬಿ ಬರೀ ಕೊಲ್ಹಾಪುರದ ವ್ಯಾಪಾರಿಗಷ್ಟೇ ಅನುಕೂಲ ಅಲ್ಲ, ನಮಗೆಲ್ಲರಿಗೂ ಅನುಕೂಲ. ಚಪ್ಪಲಿ ಬೇಕು, ಅದನ್ನು ಮಾಡಿದ ಮನೆ ನೆನಪಾಗಬಾರದು. 'ಹೆರಿಟೇಜ್', 'ಹ್ಯಾಂಡ್‌ಕ್ರಾಫ್ಟೆಡ್' ಅಂತ ಬರೆದರೆ ಮನಸ್ಸು ಹಗುರ. ಅಡ್ಡಹೆಸರು ಬರೆದರೆ ಭಾರ. ಪ್ರಾಡಾದವರಿಗೆ ಯಾರ ಮನೆತನ ಅಂತ ಗೊತ್ತಿರಲಿಲ್ಲ, ಹಾಕಲಿಲ್ಲ. ನಮಗೆ ಚೆನ್ನಾಗಿ ಗೊತ್ತು, ಅದಕ್ಕೇ ಹಾಕುವುದಿಲ್ಲ.

ಅವರ ಮನೆಯಲ್ಲಿ ಎರಡು ದಿನ ವಾದ ನಡೆಯಿತು. ನಾನು ಬಾಯಿ ಹಾಕಲಿಲ್ಲ, ಹಾಕುವ ಯೋಗ್ಯತೆ ಇರಲಿಲ್ಲ. ಗೆಳೆಯನದು ಒಂದೇ ಮಾತು: "ವಾಪಸ್ ಇಡಾಂವ ಇಡ್ಲಿ. ಅಂಥಾವ ನಮ್ಮ ಜೋಡು ಹಾಕ್ಕೊಳ್ಳದಿದ್ರ ನಡೀತೈತಿ." ಅಪ್ಪನದು: "ನಿನಗ ನಡೀತೈತಿ, ಸಂತ್ಯಾಗ ಕೂತು ಮಾರಾವ ನಾನು." ಕೊನೆಗೆ ಇಬ್ಬರೂ ಪೂರ್ತಿ ಗೆಲ್ಲಲಿಲ್ಲ. ಡಬ್ಬಿಯ ಮೇಲೆ ಊರಿನ ಹೆಸರು ದೊಡ್ಡದಾಗಿ ಬಂತು. ಕಾನೂನು ಕೇಳುವ ಜಾಗದಲ್ಲಿ ಮನೆತನದ ಹೆಸರು ಸಣ್ಣದಾಗಿ, ಆದರೆ ಪೂರ್ತಿಯಾಗಿ ಬಂತು. ಅದರ ಕೆಳಗೆ 'ಹೆಣಿಗೆ' ಅಂತ ಬರೆದು ಅವ್ವನ ಹೆಸರು. ಅದನ್ನು ಸೇರಿಸಿದ್ದು ಮೊಮ್ಮಗಳು.

ಭಾಷೆಯದ್ದೂ ಒಂದು ಮಾತು ಹೇಳಿಬಿಡಬೇಕು. ಅದೇ 2011ರ ನಿಯಮದ ಪ್ರಕಾರ ಈ ವಿವರಗಳು ದೇವನಾಗರಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದಂತೆ. ಅಂದರೆ ಅಥಣಿಯಲ್ಲಿ ಹುಟ್ಟಿದ ಡಬ್ಬಿಗೆ ಕನ್ನಡ ಐಚ್ಛಿಕ ವಿಷಯ! ಡಬ್ಬಿ ಮಾಡಿದವನೇ ತನ್ನ ಡಬ್ಬಿ ಓದಲಾರದ ಈ ನಿಯಮ ಬದಲಾಗಬೇಕು ಅಂತ ನಾವು ಎಂದಾದರೂ ಟ್ರೆಂಡ್ ಮಾಡಿದ್ದೇವಾ? ನಮ್ಮ ಡಬ್ಬಿಯಲ್ಲಿ ಕನ್ನಡ ದೊಡ್ಡದು, ಕಾನೂನಿಗಾಗಿ ಇಂಗ್ಲಿಷು, ಒಂದು ಬದಿಗೆ ಮರಾಠಿ. ಮರಾಠಿ ಯಾಕೆ ಅಂತ ಮೂಗು ಮುರಿಯುವ ಕನ್ನಡಾಭಿಮಾನಿಗಳು ಒಂದು ಸಲ ಕಾಗವಾಡದ ಸಂತೆಗೆ ಬಂದು ಹೋಗಿ. ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಮಾತಾಡುವ ಅವ್ವಂದಿರನ್ನು ತೋರಿಸುತ್ತೇನೆ.

ಈಗ ನಿಮ್ಮ ಆಕ್ಷೇಪಣೆಗಳು.

ಒಂದು, ರಟ್ಟು ಅಂದ್ರೆ ವೇಸ್ಟು, ಪರಿಸರಕ್ಕೆ ಹಾನಿ, ಬಿಡಿಯಾಗಿ ಮಾರೋದೇ ಚಂದ ಅಂತ. ದಿನಾ ಮೂರು ಆರ್ಡರ್ ಅನ್‌ಬಾಕ್ಸ್ ಮಾಡುವ ನಾವು, ಬಡವನ ಡಬ್ಬಿ ಬಂದಾಗ ಮಾತ್ರ ಪರಿಸರವಾದಿಗಳಾಗೋದು ನಾಚಿಕೆಗೇಡು. ಲ್ಯಾಮಿನೇಶನ್ ಇಲ್ಲದ ಕಂದು ರಟ್ಟು ರದ್ದಿಯವನಿಗೆ ಹೋಗಿ ಮತ್ತೆ ರಟ್ಟಾಗುತ್ತೆ.

ಎರಡು, ಖರ್ಚು. ಇದು ನಿಜವಾದ ಆಕ್ಷೇಪಣೆ. ನಮಗೆ ಮುದ್ರಕರೊಬ್ಬರು ಹೇಳಿದ ರೇಟು: 500 ಡಬ್ಬಿಯಾದರೆ ಒಂದಕ್ಕೆ 38 ರೂಪಾಯಿ, 5,000 ಆದರೆ 17. ಗೆಳೆಯನ ಮನೆಯಲ್ಲಿ ವಾರಕ್ಕೆ ಇಪ್ಪತ್ತು ಜೋಡು ಆದರೆ ಹೆಚ್ಚು. 5,000 ಡಬ್ಬಿ ಅಂದರೆ ಅವರಿಗೆ ಹೆಚ್ಚೂಕಮ್ಮಿ ಐದು ವರ್ಷದ ದಾಸ್ತಾನು. ಅಷ್ಟರಲ್ಲಿ ಇಲಿ ಅರ್ಧ ತಿಂದಿರುತ್ತೆ. ಆದರೆ ಇಪ್ಪತ್ತೈದು ಮನೆ ಸೇರಿದರೆ ಅದು ಹತ್ತು ವಾರದ ಲೆಕ್ಕ. ಡಬ್ಬಿ ಎಲ್ಲರಿಗೂ ಒಂದೇ, ಹೆಸರಿನ ಜಾಗ ಖಾಲಿ. ಪ್ರತಿ ಮನೆಗೂ ಒಂದು ರಬ್ಬರ್ ಸ್ಟಾಂಪು. ತಮ್ಮ ಹೆಸರು ತಾವೇ ಒತ್ತಿಕೊಳ್ಳುತ್ತಾರೆ. ಇದಕ್ಕೆ ಬ್ಲಾಕ್‌ಚೈನ್ ಬೇಡ. ರಟ್ಟಿನ ಡಬ್ಬಿಯ ಮೇಲಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.

ಮೂರು, ಇದೆಲ್ಲ ಆಗಲ್ಲ ಬಿಡ್ರಿ ಅನ್ನೋದು. ಆಗಿದೆ. 1990ರ ದಶಕದ ಕೊನೆಯಲ್ಲಿ ಅಥಣಿ ಕಡೆಯ ಕುಶಲಕರ್ಮಿಗಳ ಮನೆಯ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡು 'ಟೋಹೋಲ್ಡ್' ಅನ್ನುವ ಸ್ವಂತ ಬ್ರ್ಯಾಂಡಿನಲ್ಲಿ ವಿದೇಶಕ್ಕೆ ಚಪ್ಪಲಿ ಕಳಿಸಿದವರು. ಹೆಸರು ಕೇಳಿದರೆ ಸಿಗುತ್ತೆ ಅನ್ನೋದಕ್ಕೆ ಪ್ರಾಡಾನೇ ಸಾಕ್ಷಿ. ಜೂನಿನಲ್ಲಿ ಗಲಾಟೆ ಆಯಿತು, ಡಿಸೆಂಬರಿನಲ್ಲಿ ಅದೇ ಕಂಪನಿ ಲಿಡ್‌ಕಾಮ್, ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು: ಎರಡೂ ರಾಜ್ಯಗಳಲ್ಲಿ 2,000 ಜೋಡು, ಬೆಲೆ ಒಂದು ಜೋಡಿಗೆ ಸುಮಾರು 800 ಯುರೋ. ಇಟಲಿಯವನ ಹತ್ತಿರ ಕೇಳಿ ಪಡೆಯಬಹುದಾದದ್ದನ್ನು ನಮ್ಮ ಪಕ್ಕದ ಶೋರೂಮಿನವನ ಹತ್ತಿರ ಕೇಳಲು ಏನು ಕಷ್ಟ?

ಡಬ್ಬಿಯಿಂದ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಒಳ್ಳೇ ತೊಗಲಿನ ರೇಟು ಏರಿದೆ, ಹುಡುಗರು ಈ ಕೆಲಸಕ್ಕೆ ಕೂರುತ್ತಿಲ್ಲ, ರೆಕ್ಸಿನ್ನಿನ ನಕಲು ಎಲ್ಲ ಕಡೆ ಇದೆ. ಆದರೆ ಸರ್ಕಾರ ಕೊಡುವುದಾದರೆ ಇನ್ನೊಂದು ತರಬೇತಿ ಶಿಬಿರ, ಇನ್ನೊಂದು ಪ್ರಮಾಣಪತ್ರ ಬೇಡ. ಐವತ್ತು ವರ್ಷ ತೊಗಲು ಕೊಯ್ದವರಿಗೆ ಕೊಯ್ಯೋದು ಕಲಿಸಬೇಕಿಲ್ಲ. ಅಥಣಿಯಲ್ಲೊಂದು, ನಿಪ್ಪಾಣಿಯಲ್ಲೊಂದು ರಟ್ಟು ಕತ್ತರಿಸಿ ಮಡಿಕೆ ಹಾಕುವ ಯಂತ್ರ ಇಡಿ. ಅಚ್ಚು ಎಲ್ಲರಿಗೂ ಬಿಟ್ಟುಕೊಡಿ. ನನ್ನ ಡಿಸೈನ್ ಫೈಲು ಬೇಕಾದವರಿಗೆ ಪುಕ್ಕಟೆ ಕೊಡುತ್ತೇನೆ. ಅದು ನನ್ನದೊಂದೇ ಅಲ್ಲವಲ್ಲ, ನಾಲಗೆ ಅವ್ವನದು.

ಮತ್ತು ನೀವು. ಮುಂದಿನ ಸಲ ಕಮರ್ಷಿಯಲ್ ಸ್ಟ್ರೀಟಿನಲ್ಲೋ, ಮಾಲಿನಲ್ಲೋ, ಕೊಲ್ಹಾಪುರದಲ್ಲೋ ಜೋಡು ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಮಾಡಿದವರ ಹೆಸರಿಲ್ಲದಿದ್ದರೆ, ಇದು ಯಾರು ಮಾಡಿದ್ದು, ಯಾವ ಊರು ಅಂತ ಕೇಳಿ. ಅಂಗಡಿಯವ ಗೊತ್ತಿಲ್ಲ ಅಂದರೆ, ಗೊತ್ತು ಮಾಡಿಕೊಂಡು ಬರೆಯಿರಿ, ಆಮೇಲೆ ಕೊಳ್ಳುತ್ತೇನೆ ಅನ್ನಿ. ಹತ್ತು ಜನ ಕೇಳಿದರೆ ಅವನು ಬರೆಯುತ್ತಾನೆ. ಅವನು ವ್ಯಾಪಾರಿ. ಇನ್ನು ಅಡ್ಡಹೆಸರು ಓದಿದ ಮೇಲೆ ಜೋಡು ವಾಪಸ್ ಇಡಬೇಕು ಅನಿಸಿದರೆ, ಅದನ್ನು ಪ್ರಾಡಾ ಮೇಲೆ ಹಾಕಬೇಡಿ.

ಮೊದಲ ಇನ್ನೂರು ಡಬ್ಬಿ ಹೋದ ತಿಂಗಳು ಅಚ್ಚಾಗಿ ಊರಿಗೆ ಹೋದವು. ಹದಿನಾಲ್ಕು ಮಾತ್ರ ಮಾರಿವೆಯಂತೆ. ಯಾರಾದರೂ ವಾಪಸ್ ಇಟ್ಟರಾ ಅಂತ ಗೆಳೆಯನನ್ನು ಕೇಳಿದೆ.

"ಒಬ್ಬಾವ ಇಟ್ಟ" ಅಂದ. "ಇನ್ನೊಬ್ಬಾಕಿ ಹೆಸರ ಓದಿ, ಹೆಣಗಿ ಹಾಕಿದಾಕಿ ಮನ್ಯಾಗದಾಳೇನು ಅಂತ ಕೇಳಿದ್ಲು. ಅವ್ವ ಒಳಗಿಂದ ಎದ್ದು ಬಂದಳು."